ಕರಾರಿನ ಮೇಲೆ ನಿಲ್ಲುವ ಲೋಕ

1519ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಪಟ್ಟ ಖಾಲಿಯಾದಾಗ, ಮುಂದಿನ ದೊರೆಯನ್ನು ಆರಿಸುವ ಹಕ್ಕಿದ್ದದ್ದು ಏಳೇ ಮಂದಿ ಪ್ರಭುಗಳಿಗೆ. ಆ ಮತಗಳಿಗಾಗಿ ಸ್ಪೇನಿನ ಚಾರ್ಲ್ಸ್ ಸುಮಾರು 8,50,000 ಫ್ಲಾರಿನ್ ಸುರಿದ. ಅದರಲ್ಲಿ 5,00,000ಕ್ಕೂ ಮಿಕ್ಕಿದ ಹಣ ಆಗ್ಸ್‌ಬರ್ಗಿನ ಸಾಹುಕಾರ ಯಾಕೋಬ್ ಫುಗ್ಗರ್‌ನ ತಿಜೋರಿಯಿಂದ ಬಂದದ್ದು. ಪಟ್ಟವೇರಿ ನಾಲ್ಕು ವರ್ಷವಾದರೂ ಬಾಕಿ ತೀರದಿದ್ದಾಗ ಫುಗ್ಗರ್ ಚಕ್ರವರ್ತಿಗೇ ಪತ್ರ ಬರೆದ: ನನ್ನ ನೆರವಿಲ್ಲದೆ ನಿಮಗೆ ಈ ಕಿರೀಟ ದಕ್ಕುತ್ತಿರಲಿಲ್ಲ, ದಯವಿಟ್ಟು ನನ್ನ ಹಣ ಕೊಡಿಸಿ.

ರೆನೆಸಾನ್ಸ್ ಕಾಲದ ಯುರೋಪನ್ನು ಮುಂದಿಟ್ಟುಕೊಂಡು ತಮ್ಮದೇ ಫ್ಯಾಂಟಸಿ ಲೋಕ ಕಟ್ಟುವ, ರೋಲ್‌ಪ್ಲೇಯಿಂಗ್ ಆಟ ನಡೆಸುವ ಗೇಮ್ ಮಾಸ್ಟರ್‌ಗಳ ಕೆಲಸವನ್ನು ನಾನು ಈ ಪತ್ರದಿಂದ ಅಳೆಯುತ್ತೇನೆ. ಅವರ ಲೋಕದಲ್ಲಿ ಒಬ್ಬ ಲೇವಾದೇವಿಗಾರ ಚಕ್ರವರ್ತಿಗೆ ಹೀಗೆ ಬರೆದು ಬದುಕಿ ಉಳಿಯಬಲ್ಲನೇ? ಉಳಿಯಬಲ್ಲ ಎಂದಾದರೆ ಆ ಲೋಕಕ್ಕೆ ಜೀವವಿದೆ. ಇಲ್ಲವೆಂದಾದರೆ ಅದು ಹಳೆಯ ಕೋಟೆ ಕೊತ್ತಲಗಳ ಕಥೆಯೇ. ಗರಿ ಸಿಕ್ಕಿಸಿದ ಟೋಪಿ, ಸಪೂರ ಕತ್ತಿ, ಮುಖವಾಡ, ಇಷ್ಟು ಮಾತ್ರ ಹೊಸವು.

ರೋಲ್‌ಪ್ಲೇಯಿಂಗ್ ಆಟದಲ್ಲಿ ಸ್ವಂತ ಲೋಕ ಕಟ್ಟುವುದು ಆಮೇಲೆ ಸೇರಿಕೊಂಡ ಹವ್ಯಾಸವೇನಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಚ್ಚಾಗುವ ಮೊದಲೇ ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬನಾದ ಡೇವ್ ಆರ್ನಸನ್ ತನ್ನ ಬಳಗದ ಆಟಕ್ಕಾಗಿ ಬ್ಲ್ಯಾಕ್‌ಮೂರ್ ಎಂಬ ನಾಡನ್ನು ಕಟ್ಟಿಕೊಂಡಿದ್ದ. ಹೋಂಬ್ರೂ ಎಂದು ಇಂದು ಎಲ್ಲರೂ ಕರೆಯುವ ಈ ಕೆಲಸ ಆಟದ ಹುಟ್ಟಿನಷ್ಟೇ ಹಳೆಯದು. ರೆನೆಸಾನ್ಸ್ ಲೋಕ ಬೇಕೆನ್ನುವವರ ಕಣ್ಣ ಮುಂದೆ ಸಾಮಾನ್ಯವಾಗಿ ಎರಡು ಅಚ್ಚಾದ ಮಾದರಿಗಳಿರುತ್ತವೆ: 1986ರ ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ ಮತ್ತು 1999ರ ಸೆವೆಂತ್ ಸೀ.

ಸೆವೆಂತ್ ಸೀ ಆಟದ ಥೀಯಾ ಖಂಡ ನೋಡಲು ಬಲು ಚೆಂದ. ಇಟಲಿಯ ಜಾಗದಲ್ಲಿ ವೊಡಾಚೆ, ಫ್ರಾನ್ಸಿನ ಜಾಗದಲ್ಲಿ ಮೊಂಟೇನ್, ಎಲಿಜಬೆತಳ ಇಂಗ್ಲೆಂಡಿನ ಜಾಗದಲ್ಲಿ ಆವಲಾನ್, ಮೂವತ್ತು ವರ್ಷಗಳ ಯುದ್ಧದಲ್ಲಿ ನುಜ್ಜುಗುಜ್ಜಾದ ಜರ್ಮನಿಯ ಜಾಗದಲ್ಲಿ ಐಸನ್. ಆಟಗಾರ ಕೂತ ಹತ್ತೇ ನಿಮಿಷದಲ್ಲಿ ತನ್ನ ಪಾತ್ರ ಎಲ್ಲಿಯವನು, ಏನು ಉಡುತ್ತಾನೆ, ಯಾವುದಕ್ಕೆ ಸಿಡುಕುತ್ತಾನೆ ಎಂಬುದನ್ನು ಹೇಳಬಲ್ಲ. ಈ ಸುಲಭ ಪ್ರವೇಶ ದೊಡ್ಡ ಗುಣ, ಅದನ್ನು ಒಪ್ಪದೆ ವಿಮರ್ಶೆ ಮಾಡುವುದು ಅನ್ಯಾಯ. ಆದರೆ ಈ ಅನುಕೂಲಕ್ಕಾಗಿ ತೆತ್ತ ಬೆಲೆಯೂ ದೊಡ್ಡದೇ. ಆಟದ ಪಂಚಾಂಗ 1668 ಎನ್ನುತ್ತದೆ. ಆ ಒಂದೇ ವರ್ಷದಲ್ಲಿ ಎಲಿಜಬೆತಳ ಆಸ್ಥಾನವೂ ಹದಿನಾಲ್ಕನೇ ಲೂಯಿಯ ವೈಭವವೂ ಇಟಲಿಯ ವರ್ತಕ ಪ್ರಭುಗಳೂ ಅಕ್ಕಪಕ್ಕ ನಿಂತಿದ್ದಾರೆ. ಪ್ರತಿಯೊಂದು ದೇಶವನ್ನೂ ಅದು ಅತ್ಯಂತ ಸುಂದರವಾಗಿದ್ದ ಗಳಿಗೆಯಲ್ಲಿ ಹಿಡಿದು ನಿಲ್ಲಿಸಿದಂತಿದೆ. ಹೀಗೆ ನಿಲ್ಲಿಸಿದಾಗ ಕಾರಣ ಮತ್ತು ಪರಿಣಾಮದ ಎಳೆ ಕಡಿಯುತ್ತದೆ. ಫಿರಂಗಿ ಬಂದದ್ದರಿಂದ ಕೋಟೆ ಬದಲಾಯಿತು, ಹೊಸ ಕೋಟೆಯ ಖರ್ಚಿಗೆ ತೆರಿಗೆ ಏರಿತು, ತೆರಿಗೆ ಏರಿದ್ದಕ್ಕೆ ಊರು ದಂಗೆಯೆದ್ದಿತು, ಇಂಥ ಸರಪಳಿ ಥೀಯಾದಲ್ಲಿ ಸಿಗುವುದು ಕಷ್ಟ.

ವಾರ್‌ಹ್ಯಾಮರಿನ ಸಾಮ್ರಾಜ್ಯ ಕೊಳಕಾದ, ಕೆಸರು ಮೆತ್ತಿಕೊಂಡ ಲೋಕ. ಚಕ್ರವರ್ತಿಯನ್ನು ಆರಿಸುವ ಮತದಾರ ಪ್ರಭುಗಳು ಅಲ್ಲಿಯೂ ಇದ್ದಾರೆ. ಆ ಪೈಕಿ ಒಬ್ಬ ಹಾಫ್ಲಿಂಗ್ ಎಂಬ ಕುಳ್ಳ ಜನಾಂಗದವನು ಎಂಬುದು ನನಗೆ ತುಂಬಾ ಇಷ್ಟವಾದ ವಿವರ, ಏಕೆಂದರೆ ಯಾರಿಗೂ ಲೆಕ್ಕಕ್ಕಿಲ್ಲದ ಒಂದು ಪುಟ್ಟ ನಾಡಿನ ಮತಕ್ಕೂ ಬೆಲೆಯಿದೆ ಎಂಬ ರಾಜಕೀಯ ಸತ್ಯ ಅದರಲ್ಲಿದೆ. ಈ ಆಟಕ್ಕೆ 1987ರಲ್ಲಿ ಬಂದ ‘ಶ್ಯಾಡೋಸ್ ಓವರ್ ಬೋಗನ್‌ಹಾಫೆನ್’ ಸಾಹಸವನ್ನು ಈ ಬಗೆಯ ಬರವಣಿಗೆಯ ಅತ್ಯುತ್ತಮ ಮಾದರಿ ಎಂದೇ ನಾನು ಹೇಳುತ್ತೇನೆ. ಕಥೆ ಶುರುವಾಗುವುದು ಒಂದು ಜಾತ್ರೆಯಲ್ಲಿ. ಊರಿನ ಹಿಡಿತವಿರುವುದು ವರ್ತಕ ಮನೆತನಗಳ ಕೈಯಲ್ಲಿ. ಅವರಲ್ಲೊಬ್ಬ ಪಿಶಾಚಿಯೊಂದಿಗೆ ಅವಧಿ ನಮೂದಿಸಿದ ಒಪ್ಪಂದ ಮಾಡಿಕೊಂಡಿದ್ದಾನೆ, ಅವಧಿ ಮುಗಿಯುತ್ತ ಬಂದಿದೆ. ಅವನಿರುವ ಗುಪ್ತಕೂಟದ ಉಳಿದ ಸದಸ್ಯರೋ ಕೂಟ ನಡೆಸುವ ಪೂಜೆಯಿಂದ ವ್ಯಾಪಾರ ವೃದ್ಧಿಯಾಗುತ್ತದೆಂದು ನಂಬಿ ಸೇರಿದವರು. ಇಲ್ಲಿ ದೆವ್ವ ಕೂಡ ಕರಾರುಪತ್ರ ಹಿಡಿದೇ ಬರುತ್ತದೆ. ಮಾಟ, ಲೋಭ, ಪುರಸಭೆ ಎಲ್ಲವೂ ಒಂದೇ ನೇಯ್ಗೆಯಲ್ಲಿವೆ.

ಆ ನೇಯ್ಗೆಯ ಹಾಸುನೂಲು ಕರಾರು. ಮನೆಯಲ್ಲಿ ಕಟ್ಟಿದ ರೆನೆಸಾನ್ಸ್ ಲೋಕಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಇಟಲಿಯ ಬಾಡಿಗೆ ಸೇನಾನಾಯಕರನ್ನೇ ನೋಡಿ. ಬಹುತೇಕ ಹೋಂಬ್ರೂಗಳಲ್ಲಿ ಕೊಂಡೊಟಿಯೆರೆ ಎಂದರೆ ಒಳ್ಳೆಯ ಕವಚ ತೊಟ್ಟ ಒರಟ. ನಿಜದಲ್ಲಿ ಆತ ಒಬ್ಬ ಗುತ್ತಿಗೆದಾರ. ನಗರಕ್ಕೂ ಅವನಿಗೂ ನಡುವೆ ಬರೆದ ಒಪ್ಪಂದದಲ್ಲಿ ಎಷ್ಟು ‘ಲಾನ್ಸ್’ ಸೈನ್ಯ ತರಬೇಕು ಎಂಬ ಲೆಕ್ಕವಿರುತ್ತಿತ್ತು. ಒಂದು ಲಾನ್ಸ್ ಎಂದರೆ ಕವಚಧಾರಿ ಸವಾರ, ಅವನ ಸಹಾಯಕ ಮತ್ತು ಒಬ್ಬ ಹುಡುಗ. ಇಷ್ಟು ತಿಂಗಳು ಖಚಿತ ಸೇವೆ, ಅದರ ಮೇಲೆ ಇಷ್ಟು ತಿಂಗಳು ನಗರ ಬಯಸಿದರೆ ಮುಂದುವರಿಕೆ ಎಂದು ಎರಡು ಅವಧಿ. ಸತ್ತ ಕುದುರೆಗೆ ಪರಿಹಾರ ಯಾರು ಕೊಡಬೇಕು, ಸೆರೆಸಿಕ್ಕವರ ಬಿಡುಗಡೆ ಹಣ ಯಾರಿಗೆ ಸೇರಬೇಕು, ತಪಾಸಣೆಯ ದಿನ ಆಳು ಕಡಿಮೆ ಬಿದ್ದರೆ ಸಂಬಳದಲ್ಲಿ ಎಷ್ಟು ಕಡಿತ, ಎಲ್ಲವೂ ಬರಹದಲ್ಲಿ.

ಈ ಒಂದು ಹಾಳೆಯನ್ನು ಆಟದ ಮೇಜಿನ ಮೇಲಿಟ್ಟು ನೋಡಿ. ನಾಲ್ಕು ಆಟಗಾರರ ಪಾತ್ರಗಳು ಒಂದು ಪುಟ್ಟ ದಂಡಿನ ಪಾಲುದಾರರು. ಖಚಿತ ಅವಧಿ ಮುಗಿಯಲು ಇನ್ನು ಮೂರು ವಾರ. ನಗರ ಮುಂದುವರಿಸುತ್ತದೋ ಇಲ್ಲವೋ ಹೇಳುತ್ತಿಲ್ಲ. ಎದುರಾಳಿ ನಗರದ ದೂತ ದುಪ್ಪಟ್ಟು ಹಣದ ಮಾತೆತ್ತಿದ್ದಾನೆ. ಕೊಟ್ಟಿಗೆಯಲ್ಲಿ ಎರಡು ಕುದುರೆ ಕುಂಟುತ್ತಿವೆ, ತಪಾಸಣೆ ನಾಳೆ. ಒಂದು ದಾಳ ಉರುಳುವ ಮೊದಲೇ ಮೇಜಿನ ಸುತ್ತ ವಾದ ಹತ್ತಿಕೊಳ್ಳುತ್ತದೆ. ಅದಕ್ಕಾಗಿ ಗೇಮ್ ಮಾಸ್ಟರ್ ಒಬ್ಬ ಖಳನನ್ನೂ ಹುಟ್ಟಿಸಬೇಕಿಲ್ಲ. ಫ್ರಾನ್ಚೆಸ್ಕೊ ಸ್ಫೋರ್ಜಾ ಇಂಥ ಗುತ್ತಿಗೆಗಳ ಮೆಟ್ಟಿಲೇರಿಯೇ 1450ರಲ್ಲಿ ಮಿಲಾನಿನ ಡ್ಯೂಕ್ ಆದ. ಮಿಲಾನ್ ಬಿಟ್ಟು ವೆನಿಸ್ ಪರ ಹೋರಾಡಿದ ಕಾರ್ಮಾನ್ಯೋಲನ ನಿಷ್ಠೆಯ ಮೇಲೆ ಅನುಮಾನ ಬಂದಾಗ ವೆನಿಸ್ ಅವನನ್ನು ಮಾತುಕತೆಗೆಂದು ಕರೆಸಿಕೊಂಡು 1432ರಲ್ಲಿ ತಲೆ ಕಡಿಸಿತು. ಸಂಬಳ ಸಿಗದ ಸೈನ್ಯ ಏನು ಮಾಡುತ್ತದೆಂಬುದಕ್ಕೆ 1527ರ ರೋಮ್ ಇದೆ: ಚಕ್ರವರ್ತಿಯ ಸ್ವಂತ ಪಡೆ, ಬಟವಾಡೆಯಿಲ್ಲದೆ ಕೆರಳಿ, ಪೋಪನ ನಗರವನ್ನೇ ಸೂರೆ ಮಾಡಿತು.

ರಾಜಕೀಯ ಸಂಸ್ಥೆಗಳ ವಿಷಯದಲ್ಲೂ ಇದೇ ಕೊರತೆ. ವೆನಿಸಿನಂಥ ಊರು ಬರೆಯುವವರು ಕಾಲುವೆ, ದೋಣಿ, ವಿಷದ ಉಂಗುರ ಬರೆಯುತ್ತಾರೆ. ಗಣರಾಜ್ಯದ ಮುಖ್ಯಸ್ಥನಾದ ಡೋಜ್‌ನ ಆಯ್ಕೆಯ ಪದ್ಧತಿಯನ್ನು ಬಿಟ್ಟುಬಿಡುತ್ತಾರೆ. ಅದರಷ್ಟು ದಾಳಕ್ಕೆ ಒಗ್ಗುವ ಪದ್ಧತಿ ಚರಿತ್ರೆಯಲ್ಲಿ ಇನ್ನೊಂದಿಲ್ಲ. 1268ರಿಂದ ಗಣರಾಜ್ಯ ಅಳಿಯುವ 1797ರವರೆಗೂ ನಡೆದುಬಂದ ಕ್ರಮವಿದು. ಮಹಾಸಭೆಯಿಂದ 30 ಜನರನ್ನು ಚೀಟಿಯಲ್ಲಿ ಎತ್ತುತ್ತಾರೆ, ಮತ್ತೆ ಚೀಟಿಯಲ್ಲೇ 9ಕ್ಕೆ ಇಳಿಸುತ್ತಾರೆ. ಆ 9 ಜನ 40 ಮಂದಿಯನ್ನು ಆರಿಸಿದರೆ ಚೀಟಿ ಅವರನ್ನು 12 ಮಾಡುತ್ತದೆ. 12 ಜನ 25 ಮಂದಿಯನ್ನು ಆರಿಸುತ್ತಾರೆ, ಅವರು 9 ಆಗುತ್ತಾರೆ. 9 ಜನ 45, ಅವರು 11. ಆ 11 ಜನ ಆರಿಸಿದ 41 ಮಂದಿ ಕೊನೆಗೆ ಡೋಜ್‌ನನ್ನು ಆರಿಸುತ್ತಾರೆ, ಗೆಲ್ಲಲು 25 ಮತ ಬೇಕು. ಚೀಟಿಯ ಗೋಲಿ ಎತ್ತುವವನು ಒಬ್ಬ ಸಣ್ಣ ಹುಡುಗ. ಲಂಚ ಕೊಟ್ಟರೆ ಯಾರಿಗೆ ಕೊಡಬೇಕು, ಯಾವ ಸುತ್ತಿನ ಮೊದಲು? ಕೊಟ್ಟವನ ಹೆಸರು ಮುಂದಿನ ಚೀಟಿಯಲ್ಲಿ ಹಾರಿಹೋದರೆ? ಒಂದು ಇಡೀ ಸಂಜೆಯ ಆಟ ಈ ಅಂಕಿಗಳಲ್ಲೇ ಇದೆ. ಫ್ಲಾರೆನ್ಸ್‌ನಲ್ಲಿಯೂ ಆಡಳಿತಗಾರರ ಹೆಸರು ಚೀಲದಿಂದಲೇ ಬರುತ್ತಿತ್ತು, ಅಧಿಕಾರ ಎರಡೇ ತಿಂಗಳು. ಬ್ಯಾಂಕ್ ನಡೆಸುತ್ತಿದ್ದ ಮೆದಿಚಿ ಮನೆತನ ಹಿಡಿದುಕೊಂಡದ್ದು ಆ ಚೀಲಕ್ಕೆ ಯಾರ ಹೆಸರು ಹೋಗಬೇಕೆಂಬ ನಿರ್ಧಾರವನ್ನು. ಕಿರೀಟವಿಲ್ಲದೆ ಆಳುವ ಈ ಬಗೆಯನ್ನು ಆಟಗಾರರು ತಾವೇ ಕಂಡುಹಿಡಿಯುವಂತೆ ಬಿಡುವ ಗೇಮ್ ಮಾಸ್ಟರ್ ನನ್ನ ಪಾಲಿಗೆ ದೊಡ್ಡವನು.

ಇನ್ನು ಮಂತ್ರವಿದ್ಯೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ರೂಲ್ ಬುಕ್ಕನ್ನು ಹಾಗೇ ಎತ್ತಿ ಫ್ಲಾರೆನ್ಸಿನ ಮೇಲೆ ಇಟ್ಟರೆ ಫ್ಲಾರೆನ್ಸ್ ಕುಸಿಯುತ್ತದೆ. 1478ರ ಏಪ್ರಿಲ್ 26ರಂದು ಪಾಟ್ಸಿ ಮನೆತನದವರು ಚರ್ಚಿನ ಪೂಜೆಯ ನಡುವೆಯೇ ಜೂಲಿಯಾನೊ ಮೆದಿಚಿಯನ್ನು ಇರಿದು ಕೊಂದರು. ಅಣ್ಣ ಲೊರೆಂಜೊ ಗಾಯಗೊಂಡು ತಪ್ಪಿಸಿಕೊಂಡ. ಆಟದ ಐದನೇ ಆವೃತ್ತಿಯಲ್ಲಿ ಸತ್ತವರನ್ನು ಬದುಕಿಸುವ ರೇಸ್ ಡೆಡ್ ಮಂತ್ರಕ್ಕೆ 500 ಚಿನ್ನದ ನಾಣ್ಯದ ವಜ್ರ ಸಾಕು. ಯುರೋಪಿನ ದೊಡ್ಡ ಬ್ಯಾಂಕಿನ ಒಡೆಯನಿಗೆ ಅದೊಂದು ಮೊತ್ತವೇ? ಜೂಲಿಯಾನೊ ಎದ್ದು ಕೂತರೆ ಸೇಡಿಲ್ಲ, ಸಂಚಿನಲ್ಲಿದ್ದು ಅರಮನೆಯ ಕಿಟಕಿಯಿಂದ ನೇತಾಡಿದ ಆರ್ಚ್‌ಬಿಷಪ್ ಇಲ್ಲ, ಪೋಪನ ಬಹಿಷ್ಕಾರವಿಲ್ಲ. ಸುಳ್ಳಾಡಲು ಬಿಡದ ಝೋನ್ ಆಫ್ ಟ್ರೂತ್ ಮಂತ್ರ ಬಳಸಿದರೆ ಸಂಚೇ ಹುಟ್ಟುವುದಿಲ್ಲ. ದೇವರು ಪ್ರತಿ ಬೆಳಗ್ಗೆ ಪೂಜಾರಿಗೆ ಮಂತ್ರ ದಯಪಾಲಿಸುವ ಲೋಕದಲ್ಲಿ ಫ್ಲಾರೆನ್ಸಿನ ಸನ್ಯಾಸಿ ಸವೊನರೋಲನಂಥವನಿಗೂ ಜಾಗವಿಲ್ಲ. ಅವನು 1497ರಲ್ಲಿ ಊರಿನ ಕನ್ನಡಿ, ಚಿತ್ರ, ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಮರುವರ್ಷ ಅದೇ ಊರು ಅವನನ್ನು ಸುಟ್ಟಿತು. ಅವನ ಮಾತು ದೇವರದ್ದೋ ಅವನದೋ ಎಂದು ಯಾರಿಗೂ ಖಚಿತವಿಲ್ಲದ್ದರಿಂದಲೇ ಆ ಭಯಕ್ಕೆ ಶಕ್ತಿಯಿತ್ತು. ಈ ಕಾಲವನ್ನು ಆಡಬಯಸುವವರು ಇಂಥ ಪೂಜಾರಿ ಪಾತ್ರಗಳ ಕ್ಲೆರಿಕ್ ವರ್ಗವನ್ನು ಮೊದಲು ಕೈಬಿಡಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗೆಂದು ಮಂತ್ರವೇ ಬೇಡವೆಂದಲ್ಲ. ರೆನೆಸಾನ್ಸ್‌ಗೆ ತನ್ನದೇ ಮಂತ್ರವಿದ್ಯೆಯಿತ್ತು, ಅದು ಹುಟ್ಟಿದ್ದು ಗ್ರಂಥಾಲಯದಲ್ಲಿ. ವಿದ್ವಾಂಸ ಮರ್ಸಿಲಿಯೊ ಫಿಚಿನೊ ಪ್ಲೇಟೊವನ್ನು ಲ್ಯಾಟಿನ್ನಿಗೆ ತರಲು ಕೂತಿದ್ದಾಗ, ಪ್ರಾಚೀನ ಮಂತ್ರಜ್ಞಾನಿಯೆನ್ನಲಾದ ಹರ್ಮಿಸ್ ಟ್ರಿಸ್ಮೆಜಿಸ್ಟಸ್ ಹೆಸರಿನ ಗ್ರೀಕ್ ಹಸ್ತಪ್ರತಿಯೊಂದು ಫ್ಲಾರೆನ್ಸಿಗೆ ಬಂತು. ಮುಪ್ಪಿನಲ್ಲಿದ್ದ ಕೋಸಿಮೊ ಮೆದಿಚಿ ಪ್ಲೇಟೊವನ್ನು ಬದಿಗಿಟ್ಟು ಇದನ್ನು ಮೊದಲು ಮುಗಿಸೆಂದ, 1463ರಲ್ಲಿ ಫಿಚಿನೊ ಮುಗಿಸಿದ. ಸಾಯುವ ಮುನ್ನ ಆ ಜ್ಞಾನ ಓದಬೇಕೆಂಬ ಒಬ್ಬ ಸಾಹುಕಾರನ ಆತುರ, ಹಸ್ತಪ್ರತಿ ಹುಡುಕಿ ತಂದವನ ಅಲೆದಾಟ, ಮುಂದೆ ಅದು ಅಚ್ಚಿನ ಮನೆ ಸೇರಿದ್ದು. ಮಂತ್ರವೊಂದು ಪಾತ್ರದ ಕೈಸೇರಬೇಕಾದ ದಾರಿ ಇದು. ಬರೀ ಲೆವೆಲ್ ಏರಿದ್ದಕ್ಕೆ ಮಂತ್ರ ದಕ್ಕುವ ಲೋಕ ಈ ದಾರಿಯ ಸುಖವನ್ನೆಲ್ಲ ಕಳೆದುಕೊಳ್ಳುತ್ತದೆ.

ಇನ್ನೊಂದು ಕೊರತೆಯನ್ನು ನಾನು ಸುಲಭಕ್ಕೆ ಕ್ಷಮಿಸಲಾರೆ. ಫ್ಲಾರೆನ್ಸ್ 1363ರಲ್ಲೇ ಕ್ರೈಸ್ತರಲ್ಲದ ಗುಲಾಮರನ್ನು ತರಿಸಿಕೊಳ್ಳಲು ಅನುಮತಿ ಕೊಟ್ಟಿತ್ತು. ಸುಮಾರು 1,50,000 ಪತ್ರಗಳ ಭಂಡಾರ ಬಿಟ್ಟುಹೋದ ಪ್ರಾತೊ ಊರಿನ ವರ್ತಕ ಫ್ರಾನ್ಚೆಸ್ಕೊ ದಾತಿನಿಯ ಮಗಳು ಜಿನೆವ್ರಾ ಅವನ ಮನೆಯ ಗುಲಾಮಳಲ್ಲಿ ಹುಟ್ಟಿದವಳು. ಗುಲಾಮಗಿರಿಯನ್ನು ಮೇಜಿನ ಮೇಲೆ ತರುವುದು ಬೇಡವೆಂದು ಆಟಗಾರರೆಲ್ಲ ಕೂತು ತೀರ್ಮಾನಿಸಿದರೆ ಅದು ಸರಿಯೇ. ಆದರೆ ಲೇಖಕ ತಾನೇ ಸದ್ದಿಲ್ಲದೆ ಅಳಿಸಿಹಾಕಿ ಅರಮನೆ, ರೇಷ್ಮೆ, ಸಕ್ಕರೆಯನ್ನು ಮಾತ್ರ ಉಳಿಸಿಕೊಂಡರೆ ಆ ಸಂಪತ್ತು ಎಲ್ಲಿಂದಲೋ ಉದುರಿದಂತಾಗುತ್ತದೆ.

ನಕ್ಷೆಯ ಅಂಚಿನ ಕತೆಯೂ ಅಷ್ಟೆ. ಬಹುಪಾಲು ಲೋಕಗಳಲ್ಲಿ ಪೂರ್ವ ದಿಕ್ಕೆಂದರೆ ಮಸಾಲೆ, ಹುಲಿ ಮತ್ತು ಒಂದು ಬಾಣದ ಗುರುತು. ಆದರೆ ಲುಕ್ರೀಷಿಯಸ್‌ನ ಕಾವ್ಯವನ್ನು 1417ರಲ್ಲಿ ಮಠದ ಕತ್ತಲಿನಿಂದ ಹೊರತೆಗೆದ ಮಾನವತಾವಾದಿ ಪೊಜ್ಜೊ ಬ್ರಾಚೊಲಿನಿಯೇ, ವೆನಿಸಿನ ವರ್ತಕ ನಿಕೊಲೊ ದೆ ಕೊಂಟಿಯನ್ನು ಎದುರು ಕೂರಿಸಿಕೊಂಡು ಅವನ ಪ್ರವಾಸಕಥನವನ್ನು ಲ್ಯಾಟಿನ್ನಿನಲ್ಲಿ ಬರೆದಿಟ್ಟ. ಕೊಂಟಿ 1420ರ ಸುಮಾರಿಗೆ ವಿಜಯನಗರ ನೋಡಿದವನು, ಅದರ ಸುತ್ತಳತೆ 60 ಮೈಲಿ ಎಂದವನು. ಮಾನವತಾವಾದಿಗಳ ಓದುಕೋಣೆಯೊಳಗೇ ಹಂಪಿಯ ಸುದ್ದಿ ಇತ್ತು. ಅದನ್ನು ಹೊರಗಿಟ್ಟು ಬರೆದ ರೆನೆಸಾನ್ಸ್ ಅರ್ಧ ರೆನೆಸಾನ್ಸ್. ನಮ್ಮವರು ಇಂಥ ಲೋಕ ಕಟ್ಟಲು ಕೂತರೆ ಕೈಗೆಟಕುವ ಸಾಮಗ್ರಿ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್‌ನ ಬರಹದಲ್ಲಿದೆ. 1520ರ ರಾಯಚೂರು ಮುತ್ತಿಗೆಯನ್ನು ಅವನು ವರ್ಣಿಸುವ ಬಗೆ ನೋಡಬೇಕು. ಕೃಷ್ಣದೇವರಾಯನ ಪಾಳೆಯಕ್ಕೆ ಬಂದು ಸೇರಿದ ಕ್ರಿಸ್ತೊವಾವ್ ದೆ ಫಿಗೆರೆದೊ ಮತ್ತು ಅವನ ಪೋರ್ಚುಗೀಸ್ ಸಂಗಡಿಗರು ಗೋಡೆಯ ಮೇಲೆ ತಲೆ ತೋರಿದವರನ್ನು ಕೋವಿಯಿಂದ ಹೊಡೆದು ಕೆಡಹುತ್ತಾರೆ. ಕೆಳಗೆ ರಾಯನ ಆಳುಗಳು ಹಾರೆ ಹಿಡಿದು ಕೋಟೆಯ ಕಲ್ಲು ಕೀಳುತ್ತಾರೆ. ಕಿತ್ತು ತಂದ ಕಲ್ಲನ್ನು ದಳವಾಯಿಗಳು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಕಲ್ಲಿಗೆ ತಕ್ಕಂತೆ 10 ಹಣದಿಂದ 50 ಹಣದವರೆಗೆ.