ಭೂತವೂ ಪತ್ತೇದಾರಿಕೆಯೂ: ‘ಬೀಸ್ ಸಾಲ್ ಬಾದ್’ ಚಿತ್ರದ ವಿವೇಚನೆ

ಭಯಾನಕ ಕಥೆಗೂ ಪತ್ತೇದಾರಿ ಕಥೆಗೂ ಸಹಜವಾಗಿಯೇ ವಿರೋಧ. ಮೊದಲನೆಯದರಲ್ಲಿ ಕಾರಣವು ಮರೆಯಲ್ಲಿರಬೇಕು. ಎರಡನೆಯದರಲ್ಲಿ ಅದು ಬೆಳಕಿಗೆ ಬರಬೇಕು. ಎರಡನ್ನೂ ಬೆಸೆಯಹೊರಟ ಕೃತಿಯು ಭೂತದ ಗುಟ್ಟನ್ನು ಬಯಲು ಮಾಡಿದೊಡನೆ, ತಾನು ಕಟ್ಟಿದ ಭಯವನ್ನು ತಾನೇ ನಗೆಗೀಡುಮಾಡುವ ಅಪಾಯವುಂಟು. 1962ರ ಹಿಂದಿ ಚಿತ್ರ ‘ಬೀಸ್ ಸಾಲ್ ಬಾದ್’ ಈ ಅಪಾಯದಿಂದ ಪಾರಾದ ಬಗೆ ವಿಚಾರಾರ್ಹವಾಗಿದೆ.

ಹೇಮಂತಕುಮಾರರು ನಿರ್ಮಿಸಿ ಸಂಗೀತವನ್ನೂ ಒದಗಿಸಿದ ಈ ಚಿತ್ರದ ನಿರ್ದೇಶಕ ಬೀರೇನ್ ನಾಗ್ ಅದಕ್ಕೆ ಮುನ್ನ ಕಲಾನಿರ್ದೇಶಕರಾಗಿ ಹೆಸರಾದವರು. ಹಳೆಯ ಮಹಲು, ಜೌಗುನೆಲ, ಕತ್ತಲು ಇವು ಇಲ್ಲಿ ಬರಿಯ ಹಿನ್ನೆಲೆಯಾಗದೆ ಪಾತ್ರಗಳೇ ಆಗಿವೆ. ಕಥೆಯ ಬೇರು ಕಾನನ್ ಡಾಯ್ಲರ ‘ದಿ ಹೌಂಡ್ ಆಫ್ ದಿ ಬ್ಯಾಸ್ಕರ್‌ವಿಲ್ಸ್’ ಕಾದಂಬರಿಯಲ್ಲಿದೆ. 1951ರ ಬಂಗಾಳಿ ಚಿತ್ರ ‘ಜಿಘಾಂಸಾ’ಕ್ಕೂ ಅದೇ ಮೂಲ.

ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಕಾದಂಬರಿಯಲ್ಲಿಯೂ ಸಿರಿವಂತನೊಬ್ಬನ ಕಾಮಕ್ಕೆ ಬಲಿಯಾದ ಹಳ್ಳಿಯ ಕನ್ಯೆಯಿದ್ದಾಳೆ. ಆಕೆ ಐತಿಹ್ಯದ ಪುಟದಲ್ಲಿಯೇ ಉಳಿಯುತ್ತಾಳೆ. ಅಲ್ಲಿ ಕೊಲೆಗೆ ಪ್ರೇರಣೆ ಆಸ್ತಿಯ ಆಸೆ. ಐತಿಹ್ಯ ಅದರ ಮುಖವಾಡ. ಚಿತ್ರದಲ್ಲಾದರೋ ಠಾಕೂರರ ಮನೆತನದವನು ಹೆಣ್ಣಿಗೆ ಎಸಗಿದ ಅನ್ಯಾಯವೇ ಕೊಲೆಗಳ ಮೂಲ. ಆದುದರಿಂದ ಭೂತವು ಸುಳ್ಳಾದರೂ ಪಾಪವು ಸುಳ್ಳಾಗುವುದಿಲ್ಲ. ರಹಸ್ಯ ಬಿಡಿಸಿದ ಮೇಲೆ ಭಯವು ಕರುಣಕ್ಕೆ ದಾರಿಮಾಡಿಕೊಡುತ್ತದೆ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಅಸಿತ್ ಸೇನ್ ನಿಧಾನಗತಿಯ ಮಾತಿನಿಂದ ನಗಿಸುವ ಪತ್ತೇದಾರ ಗೋಪಿಚಂದ್, ಭಯದ ಬಿಗಿಯನ್ನು ಪದೇ ಪದೇ ಸಡಿಲಿಸುತ್ತಾನೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ನೊಂದ ಹೆಣ್ಣಿಗೆ ತನ್ನ ನೋವನ್ನು ಹೇಳುವ ಅವಕಾಶವೇ ಇಲ್ಲ. ಅವಳ ಪರವಾಗಿ ಸೇಡು ಮಾತಾಡುತ್ತದೆ.

ಪ್ರೇಕ್ಷಕರ ಸ್ವಾಗತವು ಅಪಾರವಾಗಿತ್ತು. ಆ ವರ್ಷ ಅತ್ಯಧಿಕ ಗಳಿಕೆ ಮಾಡಿದ ಹಿಂದಿ ಚಿತ್ರವೆಂದು ಇದನ್ನು ಗಣಿಸಲಾಗಿದೆ. ಇರುಳಿನಲ್ಲಿ ತೇಲಿಬರುವ ಹಾಡಿಗಾಗಿ ಲತಾ ಮಂಗೇಶ್ಕರ್ ಹಾಗೂ ಕವಿ ಶಕೀಲ್ ಬದಾಯೂನಿ ಇಬ್ಬರಿಗೂ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಅದೇ ನಿರ್ಮಾಪಕ ಮತ್ತು ನಿರ್ದೇಶಕರ ‘ಕೊಹ್ರಾ’ 1964ರಲ್ಲಿ ಬಂದಿತಾದರೂ ಈ ಯಶಸ್ಸನ್ನು ಸರಿಗಟ್ಟಲಿಲ್ಲ.

ಈ ಸ್ವಾಗತದಲ್ಲೊಂದು ವಿಪರ್ಯಾಸವಿದೆ. ಜನಮನದಲ್ಲಿ ನಿಂತದ್ದು ಕೊಲೆಗಾರನ ಹೆಸರಲ್ಲ, ಆ ಹಾಡು. ರಹಸ್ಯವು ಒಮ್ಮೆ ಬಯಲಾದರೆ ಮುಗಿಯಿತು. ಹೆಣ್ಣಿನ ಕೊರಳಾದರೋ ಮತ್ತೆ ಮತ್ತೆ ಕೇಳಿಸುತ್ತಲೇ ಇರುತ್ತದೆ. ಪತ್ತೇದಾರಿಕೆಯು ಅಪರಾಧಿ ಯಾರೆಂದು ಹೇಳೀತು; ಅಪರಾಧ ಎಲ್ಲಿಂದ ಮೊದಲಾಯಿತೆಂಬ ಪ್ರಶ್ನೆಯನ್ನು ಜೀವಂತವಾಗಿ ಉಳಿಸಿದ್ದು ಆ ಕೊರಳೇ.