ಪರದೆಯ ಮೇಲಿನ ಮಿಗ್, ಬುಡ್ಗಾಮಿನ ಹೆಲಿಕಾಪ್ಟರ್

2010ರ ಸೆಪ್ಟೆಂಬರ್ 14ರಂದು ಅಂದಿನ ರಕ್ಷಣಾ ಸಚಿವ ಎ.ಕೆ. ಆಂಟನಿ ವಾಯುಪಡೆಯ ಹೊಸ ಸಂಪರ್ಕ ಜಾಲ ‘ಆಫ್‌ನೆಟ್’ಗೆ ದೆಹಲಿಯಲ್ಲಿ ಚಾಲನೆ ಕೊಟ್ಟರು. ಪಂಜಾಬಿನ ನೆಲೆಯೊಂದರಿಂದ ಹಾರಿದ ಮಿಗ್-29ಗಳು ‘ಶತ್ರು’ ವಿಮಾನವನ್ನು ಅಡ್ಡಗಟ್ಟಿದ ಪ್ರಾತ್ಯಕ್ಷಿಕೆ ಸಭಾಂಗಣದ ಪರದೆಯ ಮೇಲೆ ನೇರವಾಗಿ ಮೂಡಿತು. ಐವತ್ತರ ದಶಕದ ಟ್ರೋಪೋಸ್ಕ್ಯಾಟರ್ ಎಂಬ ರೇಡಿಯೊ ತಂತ್ರಜ್ಞಾನದ ಜಾಗಕ್ಕೆ ಆಪ್ಟಿಕಲ್ ಫೈಬರ್ ಬಂದಿತ್ತು. ಹೆಮ್ಮೆಪಡುವಂಥ ಕೆಲಸವೇ.

ಒಂಬತ್ತು ವರ್ಷ ತುಂಬುವ ಮೊದಲು, 2019ರ ಫೆಬ್ರುವರಿ 27ರಂದು, ಇದೇ ವಾಯುಪಡೆಯ ಸ್ಪೈಡರ್ ಕ್ಷಿಪಣಿ ಇದೇ ವಾಯುಪಡೆಯ ಎಂಐ-17 ಹೆಲಿಕಾಪ್ಟರನ್ನು ಶ್ರೀನಗರದ ಪಕ್ಕದ ಬುಡ್ಗಾಮಿನಲ್ಲಿ ಹೊಡೆದುರುಳಿಸಿತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದು ದೊಡ್ಡ ತಪ್ಪು ಎಂದು ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥ ಭದೌರಿಯಾ ಒಪ್ಪಿಕೊಂಡರು. ತನ್ನವರೋ ಪರರೋ ಎಂದು ಗುರುತು ಹೇಳುವ ಉಪಕರಣ ಹೆಲಿಕಾಪ್ಟರಿನಲ್ಲಿ ಆಫ್ ಆಗಿತ್ತು, ನೆಲದ ಸಿಬ್ಬಂದಿಗೂ ಹೆಲಿಕಾಪ್ಟರಿನವರಿಗೂ ನಡುವೆ ಸಂಪರ್ಕ ಸರಿಯಿರಲಿಲ್ಲ ಎಂದು ತನಿಖೆಯ ವರದಿಗಳು ಹೇಳಿದವು. ದೆಹಲಿಯ ಪರದೆಗೆ ನೂರಾರು ಕಿಲೋಮೀಟರ್ ಆಚೆಯ ವಿಮಾನ ಕಾಣುತ್ತಿತ್ತು. ಶ್ರೀನಗರದಲ್ಲಿ ಕಣ್ಣೆದುರೇ ಹಾರುತ್ತಿದ್ದುದು ಯಾರದೆಂದು ತಿಳಿಯಲಿಲ್ಲ.

ನಮ್ಮ ಸೇನಾ ಜಾಲಗಳ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಜಾಲವನ್ನು ನಾವು ಅಳೆಯುವುದು ಕೋಟಿಗಳಲ್ಲಿ, ಕಿಲೋಮೀಟರುಗಳಲ್ಲಿ. ‘ನೆಟ್‌ವರ್ಕ್ ಫಾರ್ ಸ್ಪೆಕ್ಟ್ರಮ್’ ಯೋಜನೆಯನ್ನೇ ನೋಡಿ. ಮೊಬೈಲ್ ಕಂಪನಿಗಳಿಗಾಗಿ ಸೇನೆ ತನ್ನ ತರಂಗಾಂತರ ಬಿಟ್ಟುಕೊಡಬೇಕು, ಬದಲಿಗೆ ಸರ್ಕಾರ ಸೇನೆಗೇ ಮೀಸಲಾದ ಫೈಬರ್ ಹಾಕಿಕೊಡಬೇಕು ಎಂಬುದು ಒಪ್ಪಂದ. ಕೆಲಸ ಬಿಎಸ್‌ಎನ್‌ಎಲ್‌ ಪಾಲಿಗೆ ಬಂತು. 2012ರ ಜುಲೈನಲ್ಲಿ ಮಂಜೂರಾದ 13,334 ಕೋಟಿ ರೂಪಾಯಿ ಸಾಲದೆ 2018ರ ಮೇ ತಿಂಗಳಲ್ಲಿ ಇನ್ನೂ 11,330 ಕೋಟಿ ಸೇರಿತು. ಮೂರೂ ಪಡೆಗಳನ್ನು ಬೆಸೆಯುವ ರಕ್ಷಣಾ ಸಂವಹನ ಜಾಲ 2016ರ ಜೂನ್‌ನಲ್ಲಿ ಬಂತು. 2020ರ ಅಕ್ಟೋಬರಿನಲ್ಲಿ ಭೂಸೇನೆಯ ‘ಆಸ್ಕಾನ್’ ಜಾಲದ ನಾಲ್ಕನೇ ಹಂತಕ್ಕೆ ನಮ್ಮ ಬೆಂಗಳೂರಿನ ಐಟಿಐ ಜೊತೆ 7,796 ಕೋಟಿಯ ಒಪ್ಪಂದವಾಯಿತು. ಇವು ಯಾವುವೂ ದಂಡವಲ್ಲ. ಆದರೆ ಫೈಬರ್ ಮುಗಿಯುವುದು ಠಾಣೆಯ ಕಟ್ಟಡದಲ್ಲಿ. ಕಾಳಗ ನಡೆಯುವುದು ಅದರಾಚೆ.

ಅಲ್ಲಿ ಇರುವುದು ರೇಡಿಯೊ. ಮುಂಚೂಣಿಯ ವೀಕ್ಷಕ ನಕ್ಷೆ ನೋಡಿ ಶತ್ರುವಿನ ಜಾಗದ ಅಂಕಿಗಳನ್ನು ಒಂದೊಂದಾಗಿ ಓದುತ್ತಾನೆ, ಆ ಕಡೆಯವನು ಬರೆದುಕೊಂಡು ತಿರುಗಿ ಓದುತ್ತಾನೆ, ಸರಿ ಎಂದ ಮೇಲೆ ಅದು ಫಿರಂಗಿಯವರಿಗೆ ಹೋಗುತ್ತದೆ. ಗೊರಗೊರ ಸದ್ದಿನಲ್ಲಿ ಒಂದು ಅಂಕಿ ತಪ್ಪಿದರೆ ಗುಂಡು ಇನ್ನೆಲ್ಲೋ ಬೀಳುತ್ತದೆ. ಸೈನಿಕನ ಕೈಯ ಪರದೆಯಲ್ಲೇ ತನ್ನವರು ಎಲ್ಲಿ, ಎದುರಾಳಿ ಎಲ್ಲಿ ಎಂದು ತೋರಿಸಬೇಕಿದ್ದ ‘ಬ್ಯಾಟಲ್‌ಫೀಲ್ಡ್ ಮ್ಯಾನೇಜ್‌ಮೆಂಟ್ ಸಿಸ್ಟಮ್’ ವರ್ಷಗಟ್ಟಲೆ ಕಡತಗಳಲ್ಲಿ ಓಡಾಡಿ, ವೆಚ್ಚ ಹೆಚ್ಚೆಂದು ಕೈಬಿಟ್ಟುಹೋಯಿತು. ಫೈಬರಿಗೆ ಬಜೆಟ್ ಹಿಗ್ಗುವ ದೇಶದಲ್ಲಿ ಕೊನೆಯ ಸಿಪಾಯಿಯ ಪರದೆ ದುಬಾರಿಯಾಯಿತು ಎಂಬುದನ್ನು ನಾನು ಸುಲಭವಾಗಿ ಒಪ್ಪಲಾರೆ.

ಇನ್ನೊಂದು ತೊಡಕು, ಒಂದು ಕಂಪನಿಯ ರೇಡಿಯೊ ಇನ್ನೊಂದರ ಜೊತೆ ಮಾತಾಡದಿರುವುದು. ಸಂಕೇತವನ್ನು ಗಾಳಿಗೆ ಬಿಡುವ ಕ್ರಮ, ಅಂದರೆ ವೇವ್‌ಫಾರ್ಮ್, ತಯಾರಕನ ಗುಟ್ಟು. ಅಮೆರಿಕ ಇದಕ್ಕೆ ಮದ್ದು ಹುಡುಕಿ 1997ರಲ್ಲಿ ಎಲ್ಲ ಪಡೆಗಳಿಗೂ ಹೊಂದುವ ಸಾಫ್ಟ್‌ವೇರ್ ರೇಡಿಯೊ ಯೋಜನೆಗೆ ಕೈಹಾಕಿತು. ಒಂದೇ ಪೆಟ್ಟಿಗೆ ಎಲ್ಲವನ್ನೂ ಮಾಡಬೇಕೆಂದು ಹೊರಟದ್ದರಿಂದ ಅದು ಭಾರವಾಯಿತು, ದುಬಾರಿಯಾಯಿತು, ತಡವಾಯಿತು. ವಾಹನಗಳ ರೇಡಿಯೊ ಭಾಗವನ್ನು 2011ರಲ್ಲಿ ರದ್ದು ಮಾಡಬೇಕಾಯಿತು. ನಮ್ಮ ಡಿಆರ್‌ಡಿಒ 2025ರ ಅಕ್ಟೋಬರಿನಲ್ಲಿ ಮೂರೂ ಪಡೆಗಳ ಜೊತೆಗೂಡಿ ಬಿಡುಗಡೆ ಮಾಡಿದ ‘ಇಂಡಿಯನ್ ರೇಡಿಯೊ ಸಾಫ್ಟ್‌ವೇರ್ ಆರ್ಕಿಟೆಕ್ಚರ್’ ಆ ಮಟ್ಟಿಗೆ ಜಾಣ ಹೆಜ್ಜೆ. ಅದು ರೇಡಿಯೊ ಅಲ್ಲ, ನಿಯಮಾವಳಿ. ಯಾರು ಬೇಕಾದರೂ ಸೆಟ್ ಮಾಡಲಿ, ಒಳಗಿನ ಸಾಫ್ಟ್‌ವೇರ್ ಮಾತ್ರ ಒಪ್ಪಿದ ಕ್ರಮದಲ್ಲಿರಲಿ ಎನ್ನುತ್ತದೆ. ಹತ್ತು ವರ್ಷ ಮೊದಲೇ ಬರಬೇಕಿತ್ತು.

ಮೆಚ್ಚಬೇಕಾದ್ದು ಭೂಸೇನೆಯ ವಾಯುರಕ್ಷಣಾ ವ್ಯವಸ್ಥೆ ‘ಆಕಾಶ್‌ತೀರ್’. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ನಿಮಿಷಕ್ಕೆ 15 ಕಿಲೋಮೀಟರ್ ದಾಟುತ್ತದೆ. ರೇಡಾರ್ ಕಂಡದ್ದನ್ನು ಫೋನಿನಲ್ಲಿ ಹೇಳಿ, ಕೇಳಿದವರು ಗುರುತು ಹಾಕಿಕೊಳ್ಳುವಷ್ಟರಲ್ಲಿ ಅದು ತಲೆಯ ಮೇಲಿರುತ್ತದೆ. 2023ರ ಮಾರ್ಚ್‌ನಲ್ಲಿ 1,982 ಕೋಟಿಗೆ ಬಿಇಎಲ್‌ಗೆ ಕೊಟ್ಟ ಈ ವ್ಯವಸ್ಥೆ ಭೂಸೇನೆಯ ರೇಡಾರ್‌ಗಳನ್ನೂ ಫಿರಂಗಿಗಳನ್ನೂ ಒಂದೇ ಚಿತ್ರಕ್ಕೆ ತಂದಿತು. 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ವಾಯುಪಡೆಯ ವ್ಯವಸ್ಥೆಯ ಜೊತೆ ಸೇರಿ ಕೆಲಸ ಮಾಡಿತು. ಹಿಂದಿನ ಬೃಹತ್ ಯೋಜನೆಗಳಿಗಿಂತ ಇದು ಹೆಚ್ಚು ಫಲಕೊಟ್ಟಿತು ಎಂದರೆ ಕಾರಣ ಹಣವಲ್ಲ. ಬಿಡಿಸಬೇಕಾದ ಸಮಸ್ಯೆ ಒಂದೇ ಇತ್ತು, ಅದು ಸ್ಪಷ್ಟವಾಗಿತ್ತು.

ಭದ್ರತೆಯ ವಿಷಯದಲ್ಲಿ ನಮ್ಮ ಮೊದಲ ಮದ್ದು ನಿಷೇಧ. 2020ರ ಜುಲೈನಲ್ಲಿ ಭೂಸೇನೆ ತನ್ನವರಿಗೆ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕಲು ಹೇಳಿತು. ಸರಿಯೇ, ಆದರೆ ಇಲಾಖೆಯ ದಾರಿ ಕಷ್ಟವಾದಾಗ ಮನುಷ್ಯ ವಾಟ್ಸ್‌ಆ್ಯಪ್ ತೆರೆಯುತ್ತಾನೆ. ನಮ್ಮ ತಾಲ್ಲೂಕು ಕಚೇರಿಗಳಿಗೆ ಗೊತ್ತಿರುವ ಈ ಸತ್ಯ ಸೇನೆಗೂ ಅನ್ವಯ. ಹಾಗಾಗಿ ‘ಸಂಭವ್’ ಎಂಬ ಸೇನೆಯದೇ ಮೊಬೈಲ್ ಫೋನು ಬಂದದ್ದು ಒಳ್ಳೆಯದಾಯಿತು. ಚೀನಾ ಜೊತೆಗಿನ 2024ರ ಗಡಿ ಮಾತುಕತೆಯ ವೇಳೆ ಅದನ್ನು ಬಳಸಲಾಯಿತು ಎಂದು ಸೇನಾ ಮುಖ್ಯಸ್ಥರೇ ಹೇಳಿದರು.

ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಗೆ ಒಂದು ಕೋರಿಕೆ. ಮುಂದಿನ ಜಾಲಕ್ಕೆ ಹಣ ಕೇಳಿ ಬಂದವರನ್ನು ಎಷ್ಟು ಕಿಲೋಮೀಟರ್ ಹಾಕುತ್ತೀರಿ ಎಂದು ಕೇಳಬೇಡಿ. ವಾಯುಪಡೆಯ ರೇಡಾರ್ ಕಂಡದ್ದು ಭೂಸೇನೆಯ ಗನ್ ಮುಂದೆ ಕೂತ ಹವಾಲ್ದಾರನಿಗೆ ಎಷ್ಟು ಸೆಕೆಂಡಿನಲ್ಲಿ ತಲುಪುತ್ತದೆ ಎಂದು ಕೇಳಿ, ಉತ್ತರವನ್ನು ಸಮರಾಭ್ಯಾಸದಲ್ಲಿ ಅಳೆಸಿ ನೋಡಿ, ಆಮೇಲೆ ಹಣ ಕೊಡಿ.