ನಾಲ್ಕು ದಿನದ ಕ್ಷಮೆ

ಸುಪ್ರೀಂ ಕೋರ್ಟಿನ 1987ರ ಕಾತಿಜಿ ತೀರ್ಪನ್ನು ಉದಾರವೆಂದು ಹೊಗಳುವವರು ಬಹಳ. ಮೇಲ್ಮನವಿ ನಾಲ್ಕು ದಿನ ತಡವಾಗಿತ್ತು. ಬೇಕೆಂದೇ ತಡಮಾಡಿ ಯಾರಿಗೂ ಲಾಭವಿಲ್ಲವೆಂದು ಕೋರ್ಟು ಮನ್ನಿಸಿತು. ಓದಿದಾಗ ನನಗೂ ಹಿತವೆನಿಸಿತು. ಆದರೆ ತಡಮಾಡಿದ್ದು ಕಾಶ್ಮೀರದ ಸರಕಾರೀ ಪಕ್ಷ. ಜಮೀನಿನ ಪರಿಹಾರಕ್ಕೆ ಕಾದಿದ್ದು ಕಾತಿಜಿ ಎಂಬ ಹೆಂಗಸು ಮತ್ತು ಇತರರು. ತೀರ್ಪು ಅವರ ಕಾಯುವಿಕೆಯನ್ನು ತೂಗಿದ್ದು ಕಡಿಮೆ.

ನಮ್ಮ ಕಾರವಾರ, ಅಂಕೋಲೆಯವರಿಗೆ ಇದು ದೂರದ ಕಥೆಯಲ್ಲ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗೆ ಇಲ್ಲಿಯ ಹಳ್ಳಿಗಳೂ ನೆಲ ಬಿಟ್ಟವು, ಪರಿಹಾರಕ್ಕಾಗಿ ಕೋರ್ಟು ಹತ್ತಿದವು. ಹೈಕೋರ್ಟಿಗೆ ಮೇಲ್ಮನವಿಗೆ 90 ದಿನ. 2008ರಲ್ಲಿ ಧಾರವಾಡಕ್ಕೆ ಪೀಠ ಬರುವ ತನಕ ಬೆಂಗಳೂರಿಗೇ ಹೋಗಬೇಕಿತ್ತು. ತೀರ್ಪಿನ ನಕಲಿಗೆ ಹಿಡಿಯುವ ದಿನಗಳನ್ನು ಕಾನೂನು ಲೆಕ್ಕದಿಂದ ಬಿಡುತ್ತದೆ; ಮೀನು ಮಾರಿ ಬಸ್ಸಿನ ಹಣ ಕೂಡಿಸಿದ ದಿನಗಳನ್ನು ಬಿಡುವುದಿಲ್ಲ. ಅದಕ್ಕೆ ಅವಳು ತಕ್ಕ ಕಾರಣವನ್ನು ರುಜುವಾತು ಮಾಡಬೇಕು.

2012ರಲ್ಲಿ ಅದೇ ಕೋರ್ಟು, ಕಡತ ನಿಧಾನವಾಗಿ ಸಾಗಿತೆಂಬ ನೆಪ ಸರಕಾರಕ್ಕೆ ಸಲ್ಲದೆಂದಿತು. ಈ ಮಾತು ಮೊದಲೇ ಬರಬೇಕಿತ್ತು. ಕ್ಷಮೆ ಒಳ್ಳೆಯದೇ. ಆದರೆ ಅದು ಮೊದಲು ಸಿಗಬೇಕಾದದ್ದು ಕಡತವಿದ್ದವರಿಗಲ್ಲ, ಬರಿಗೈಯವಳಿಗೆ. ಅಲ್ಲಿಯವರೆಗೆ, ಅಕ್ಕ, ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿಬಿಡಿ.